ನಗು ಬಂದಲ್ಲಿ ಗೀಟು ಹಾಕಿ: ದುರಂತ ಕೃತಿ ಓದುವವರಿಗೊಂದು ದಾರಿ

ಕಳೆದ ವರ್ಷದ ಆಟಿ ತಿಂಗಳು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಮನೆಯ ಚಾವಡಿಯಲ್ಲಿ ಆರು ಜನ ಕೂತು ರನ್ನನ ಗದಾಯುದ್ಧ ಓದುತ್ತಿದ್ದೆವು. ಹೊರಗೆ ಅಡಿಕೆ ತೋಟದ ಮೇಲೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಕಾವ್ಯದಲ್ಲಿ ದುರ್ಯೋಧನ ವೈಶಂಪಾಯನ ಸರೋವರದೊಳಗೆ ಮುಳುಗಿ ಕೂತಿದ್ದ, ದಡದ ಮೇಲೆ ಭೀಮ ಗರ್ಜಿಸುತ್ತಿದ್ದ. ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’ ಎಂಬಲ್ಲಿಗೆ ಬಂದಾಗ ಪ್ಲಸ್ ಟೂ ಓದುವ ಹುಡುಗನೊಬ್ಬ ಫಕ್ಕನೆ ನಕ್ಕ. “ನೀರಿನೊಳಗೆ ಕೂತವ ಬೆವರಿದ್ದು ಗೊತ್ತಾಗುವುದು ಹೇಗೆ ಮಾವ?” ಎಂದು ನನ್ನನ್ನೇ ಕೇಳಿದ. ಪಕ್ಕದಲ್ಲಿದ್ದ ನಿವೃತ್ತ ಮಾಸ್ತರರಿಗೆ ಸಿಟ್ಟು ಬಂತು. “ಇಂಥ ಜಾಗದಲ್ಲಿ ಹಲ್ಲು ಕಿರಿಯುವುದಾ? ಮುಂದೆ ಓದು.” ಹುಡುಗ ತಲೆ ತಗ್ಗಿಸಿ ಓದಿದ. ನಾನೂ ಸುಮ್ಮನಿದ್ದೆ.

ಸುಮ್ಮನಿದ್ದದ್ದು ತಪ್ಪಾಯಿತು ಎಂದು ರಾತ್ರಿ ಅನ್ನಿಸಿತು. ಹುಡುಗ ನಕ್ಕ ಜಾಗ ಸರಿಯಾಗಿಯೇ ಇತ್ತು. ಹನ್ನೊಂದು ಅಕ್ಷೋಹಿಣಿ ಸೇನೆಯ ಒಡೆಯ ಕಪ್ಪೆಯ ಹಾಗೆ ನೀರಲ್ಲಿ ಅಡಗಿದ್ದಾನೆ, ಶತ್ರುವಿನ ದನಿ ಕೇಳಿ ಅಲ್ಲೂ ಬೆವರುತ್ತಾನೆ. ಇದು ನಗುವ ಸಂಗತಿಯೇ. ನಕ್ಕ ಮರುಗಳಿಗೆ ನಮ್ಮ ಮೈಯೂ ತುಸು ತಣ್ಣಗಾಗುತ್ತದೆ, ಏಕೆಂದರೆ ಆ ಬೆವರು ಸಾವಿನ ಬೆವರು. ಒಂದೇ ಸಾಲಿನಲ್ಲಿ ಎರಡೂ ಇವೆ. ದುರಂತ ಕೃತಿಯಲ್ಲಿ ರಕ್ತ ಹರಿದಲ್ಲಿ ಎಲ್ಲರೂ ಗೀಟು ಹಾಕುತ್ತಾರೆ. ನಗು ಬಂದಲ್ಲಿ ಹಾಕುವವರು ಕಡಿಮೆ. ಈ ಲೇಖನ ಆ ಎರಡನೆಯ ಗೀಟಿಗಾಗಿ ಬರೆದದ್ದು. ಒಬ್ಬರೇ ಓದುವವರಿಗೂ ಆದೀತು, ಮನೆಯಲ್ಲೋ ವಾಚನಾಲಯದಲ್ಲೋ ನಾಲ್ಕು ಜನ ಸೇರಿ ಓದುವವರಿಗೂ ಆದೀತು.

ಮೊದಲು ಕೃತಿ ಆರಿಸಿಕೊಳ್ಳುವುದು

ಚಿಕ್ಕದರಿಂದ ಶುರು ಮಾಡಿ. ನನ್ನ ಸಲಹೆ ಹಳೆಯ ಸಂಸ್ಕೃತ ನಾಟಕಕಾರ ಭಾಸನದೆಂದು ಹೇಳಲಾಗುವ ‘ಊರುಭಂಗ’. ಒಂದೇ ಅಂಕ, ಒಂದು ಗಂಟೆಯಲ್ಲಿ ಮುಗಿಯುತ್ತದೆ. ನೂರಾರು ವರ್ಷ ಹೆಸರು ಮಾತ್ರ ಉಳಿದಿದ್ದ ಭಾಸನ ನಾಟಕಗಳ ಓಲೆಗರಿ ಪ್ರತಿಗಳು ಟಿ. ಗಣಪತಿ ಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಇದೇ ಕೇರಳದಲ್ಲಿ, ತಿರುವನಂತಪುರದ ಕಡೆ. 1912ರಿಂದ ಅವು ಅಚ್ಚಾಗತೊಡಗಿದವು. ಆಮೇಲೆ ರನ್ನನ ಗದಾಯುದ್ಧವನ್ನು ಗದ್ಯಾನುವಾದ ಇರುವ ಪ್ರತಿಯಲ್ಲಿ ಓದಿ. ಹಳಗನ್ನಡದ ಎದುರು ಕೂತು ಹೆದರುವವರಿಗೆ ಬಿ.ಎಂ. ಶ್ರೀಕಂಠಯ್ಯನವರು ಅದನ್ನೇ ನಾಟಕಕ್ಕೆ ತಿರುಗಿಸಿದ ‘ಗದಾಯುದ್ಧ ನಾಟಕಂ’ ಇದೆ, 1926ರದ್ದು. ಹೊರಗಿನದು ಬೇಕಾದರೆ ಮ್ಯಾಕ್‌ಬೆತ್. ಶೇಕ್ಸ್‌ಪಿಯರ್‌ನ ದುರಂತ ನಾಟಕಗಳಲ್ಲಿ ಅದೇ ಎಲ್ಲಕ್ಕಿಂತ ಗಿಡ್ಡ. ಅವನದೇ ಟೈಟಸ್ ಆಂಡ್ರೊನಿಕಸ್‌ನಿಂದ ಮಾತ್ರ ಶುರು ಮಾಡಬೇಡಿ. ಕೈ ಕಡಿಯುವುದು, ನಾಲಿಗೆ ಕೀಳುವುದು, ಮಕ್ಕಳನ್ನು ಕೊಂದು ತಾಯಿಗೇ ಉಣಬಡಿಸುವುದು, ಎಲ್ಲ ಅದರಲ್ಲಿವೆ. ಮೊದಲ ದಿನವೇ ಅಷ್ಟು ಖಾರ ಬೇಡ.

ಒಮ್ಮೆ ಪೆನ್ಸಿಲ್ ಮುಟ್ಟದೆ ಓದಿ. ಎರಡನೆಯ ಸಲ ಅಂಚಿನಲ್ಲಿ ಮೂರು ಅಕ್ಷರಗಳಲ್ಲಿ ಯಾವುದು ಸಲ್ಲುತ್ತದೋ ಅದನ್ನು ಹಾಕಿ: ಹಿಂಸೆಗೆ ‘ಹಿಂ’, ಸೇಡಿಗೆ ‘ಸೇ’, ನಗುವಿಗೆ ‘ನ’. ಒಂದೇ ಸಾಲಿಗೆ ಎರಡು ಅಕ್ಷರ ಬಿದ್ದರೆ ಅದಕ್ಕೊಂದು ಸುತ್ತು ಹಾಕಿ. ಹುಡುಗ ನಕ್ಕ ಆ ಸಾಲಿಗೆ ನನ್ನ ಪುಸ್ತಕದಲ್ಲಿ ಈಗ ಸುತ್ತು ಇದೆ.

ಹಿಂಸೆ ಎಲ್ಲಿ ನಡೆಯಿತು ನೋಡಿ

ಯಾರು ಯಾರನ್ನು ಕೊಂದರು ಎನ್ನುವುದು ಕಥಾಸಾರ. ಓದುಗ ಕೇಳಬೇಕಾದದ್ದು ಬೇರೆ: ಕೊಂದದ್ದು ನಮ್ಮ ಕಣ್ಣೆದುರಿಗೋ, ಕಿವಿಗೆ ಬಿದ್ದದ್ದೋ, ಅಥವಾ ಎಲ್ಲ ಮುಗಿದ ಮೇಲೆ ನಾವು ಬಂದು ನೋಡಿದ್ದೋ?

ಗ್ರೀಕರು ಬಹುಮಟ್ಟಿಗೆ ಕಿವಿಯನ್ನು ನಂಬಿದರು. ಈಡಿಪಸ್ ಕಣ್ಣು ಚುಚ್ಚಿಕೊಳ್ಳುವುದು ಒಳಮನೆಯಲ್ಲಿ. ಹೊರಗೆ ಬಂದು ಹೇಳುವವನು ದೂತ. ನಮ್ಮ ಸಂಸ್ಕೃತ ನಾಟಕದ ಶಾಸ್ತ್ರಕಾರರೂ ವಧೆ, ಯುದ್ಧಗಳನ್ನು ರಂಗದ ಮೇಲೆ ನೇರ ತೋರಿಸಬಾರದೆಂದರು. ದಶರೂಪಕ ಎಂಬ ನಾಟ್ಯಗ್ರಂಥದಲ್ಲಿ ಆ ನಿಷೇಧದ ಪಟ್ಟಿಯೇ ಇದೆ. ಊರುಭಂಗದಲ್ಲಿ ಗದಾಯುದ್ಧವನ್ನು ನಾವು ನೋಡುವುದಿಲ್ಲ, ಮೂವರು ಭಟರು ನೋಡಿ ಹೇಳುತ್ತಾರೆ. ಆದರೆ ತೊಡೆ ಮುರಿದ ದುರ್ಯೋಧನ ನೆಲದ ಮೇಲೆ ತೆವಳಿಕೊಂಡು ರಂಗಕ್ಕೇ ಬರುತ್ತಾನೆ, ರಂಗದ ಮೇಲೆಯೇ ಸಾಯುತ್ತಾನೆ. ಏಟು ಕಿವಿಗೆ, ಗಾಯ ಕಣ್ಣಿಗೆ. ಈ ಪಾಲು ಮಾಡುವುದರಲ್ಲಿ ಕವಿಯ ಹಂಚಿಕೆ ಇದೆ.

ರನ್ನ ಇನ್ನೂ ಒಂದು ಹೆಜ್ಜೆ ಆಚೆಗೆ ಹೋಗುತ್ತಾನೆ. ಅವನ ದುರ್ಯೋಧನ ಸಂಜಯನ ಜೊತೆ ರಣರಂಗದ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಒಬ್ಬೊಬ್ಬರ ಹೆಣದ ಮುಂದೆಯೂ ನಿಲ್ಲುತ್ತಾನೆ. ಇಲ್ಲಿ ಹಿಂಸೆಯೆಂದರೆ ಏಟು ಬೀಳುವ ಗಳಿಗೆಯಲ್ಲ, ಬಿದ್ದ ಮೇಲೆ ಉಳಿದದ್ದು. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ತನಗೂ ಇಂಥ ಸಾವು ಬರಲಿ ಎಂದು ಅವನು ಬೇಡಿಕೊಳ್ಳುವಾಗ ನಾವು ಅವನನ್ನು ದ್ವೇಷಿಸುವುದು ಕಷ್ಟ.

ನಮ್ಮ ಯಕ್ಷಗಾನ ಬಯಲಾಟ ಇದಕ್ಕೆಲ್ಲ ಅಡ್ಡ ನಿಲ್ಲುತ್ತದೆ. ಇಲ್ಲಿ ಎಲ್ಲವೂ ಕಣ್ಣೆದುರಿಗೇ. ನಾನು ಏಳೆಂಟು ವರ್ಷದವನಿದ್ದಾಗ ಕೊಯ್ಲಾದ ಗದ್ದೆಯಲ್ಲಿ ದುಶ್ಶಾಸನ ವಧೆ ನೋಡಿದ್ದೆ. ರುದ್ರಭೀಮ ಅವನ ಎದೆಯ ಮೇಲೆ ಕೂತು ಹೊಟ್ಟೆ ಬಗೆದು ಕೆಂಪು ಕರುಳು ಎಳೆದಾಗ ನಾನು ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿದ್ದೆ. ಚೆಂಡೆಯ ಸದ್ದು ಮಾತ್ರ ಸೆರಗಿನ ಒಳಗೂ ಬಂತು. ಸ್ವಲ್ಪ ಹೊತ್ತಿನ ಮೇಲೆ ಅಣ್ಣ ನನ್ನನ್ನು ವೇಷ ಕಟ್ಟುವ ಚೌಕಿಯ ಹಿಂದೆ ಎಳೆದುಕೊಂಡು ಹೋದ. ಅಲ್ಲಿ ಸತ್ತ ದುಶ್ಶಾಸನ ಪೆಟ್ಟಿಗೆಯ ಮೇಲೆ ಕೂತು ಚಾ ಕುಡಿಯುತ್ತಿದ್ದ. ಮೀಸೆ ಅರ್ಧ ಕಳಚಿತ್ತು, ಕರುಳು ಎಂದು ನಾನು ಹೆದರಿದ್ದ ಕೆಂಪು ಬಟ್ಟೆಯ ಉದ್ದ ಪಟ್ಟಿಯನ್ನು ಬಾಯಾರಿಕೆ ಆರುವ ತನಕ ಮಡಿಲಲ್ಲಿ ಸುತ್ತಿ ಇಟ್ಟುಕೊಂಡಿದ್ದ. ನನ್ನನ್ನು ನೋಡಿ “ಎಂತ, ಹೆದರಿಕೆ ಆಯ್ತಾ?” ಎಂದ. ನಾನು ನಕ್ಕೆ. ಆ ನಗು ಹೆದರಿಕೆ ಹೋದ ನಗು ಅಲ್ಲ, ಹೆದರಿಕೆ ಎಲ್ಲಿತ್ತೆಂದು ಆಗಷ್ಟೇ ಗೊತ್ತಾದ ನಗು. ದುರಂತದಲ್ಲಿ ನಗುವಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಮೊದಲು ನೆನಪಾಗುವುದು ಆ ಚಾ ಲೋಟ.

ಹಿಂಸೆ ಕಣ್ಣೆದುರಿಗೇ ನಡೆದರೆ ಪಕ್ಕದಲ್ಲಿ ನಿಂತವರನ್ನೂ ಗಮನಿಸಿ. ಶೇಕ್ಸ್‌ಪಿಯರ್‌ನ ಲಿಯರ್ ನಾಟಕದಲ್ಲಿ ಮುದುಕ ಗ್ಲಾಸ್ಟರ್‌ನ ಕಣ್ಣು ಕೀಳುವಾಗ ಹೆಸರೇ ಇಲ್ಲದ ಒಬ್ಬ ಸೇವಕ ತನ್ನ ಧಣಿಗೇ ಎದುರಾಗಿ ಕತ್ತಿ ಹಿರಿದು ಸಾಯುತ್ತಾನೆ. ಹಾಗೆ ಅಡ್ಡ ಬಂದವರು ನಿಮ್ಮ ಕೃತಿಯಲ್ಲಿ ಯಾರಾದರೂ ಇದ್ದಾರೆಯೇ ನೋಡಿ.

ಸೇಡಿಗೆ ಒಂದು ಕಡದ ಪುಸ್ತಕ

ಹಳೆಯ ಜೀನಸಿನಂಗಡಿಯಲ್ಲಿ ಕಡದ ಪುಸ್ತಕ ಇರುತ್ತಿತ್ತಲ್ಲ, ಅಂಥದ್ದೊಂದು ಪುಟ ಗೀಚಿಕೊಳ್ಳಿ. ಯಾರು ಯಾರಿಗೆ ಬಾಕಿ, ಏನು ಬಾಕಿ, ಯಾವಾಗ ತೀರಿತು, ಬಡ್ಡಿ ಎಷ್ಟಾಯಿತು. ಮಹಾಭಾರತಕ್ಕೆ ಹೀಗೆ ಪುಟ ಬರೆದರೆ ದ್ರೌಪದಿಯ ಬಿಚ್ಚಿದ ಮುಡಿ ಒಂದು ಬಾಕಿ, ಭೀಮನ ಎರಡು ಪ್ರತಿಜ್ಞೆಗಳು ಇನ್ನೆರಡು. ಹದಿನೆಂಟು ದಿನದಲ್ಲಿ ಎಲ್ಲ ತೀರಿತು ಎಂದುಕೊಳ್ಳುವಷ್ಟರಲ್ಲಿ ಅಶ್ವತ್ಥಾಮ ರಾತ್ರಿ ಪಾಳೆಯಕ್ಕೆ ನುಗ್ಗಿ ಮಲಗಿದ್ದ ಮಕ್ಕಳನ್ನು ಕೊಲ್ಲುತ್ತಾನೆ. ಅದು ಬಡ್ಡಿ. ಸೇಡಿನ ಸಾಹಿತ್ಯದಲ್ಲಿ ಅಸಲು ತೀರಿಸುವವರು ಒಬ್ಬರು, ಬಡ್ಡಿ ಕಟ್ಟುವವರು ಇನ್ನೊಬ್ಬರು, ಹೆಚ್ಚಿನ ಸಲ ಏನೂ ಅರಿಯದವರು.

ಪುಟ ಬರೆಯುವಾಗ ಸೇಡಿನ ಕಾರಣ ಬದಲಾಗುತ್ತದೆಯೇ ಎಂದೂ ನೋಡಿ. ರನ್ನನ ದುರ್ಯೋಧನ ‘ನೆಲಕಿರಿವೆನೆಂದು ಬಗೆದಿರೆ ಚಲಕಿರಿವೆಂ’ ಎನ್ನುತ್ತಾನೆ. ಕರ್ಣನನ್ನು ಕೊಲ್ಲಿಸಿದ ನೆಲ ಇನ್ನು ತನಗೆ ಪಾಳುನೆಲ, ಕಾದುವುದು ನೆಲಕ್ಕಲ್ಲ, ಛಲಕ್ಕೆ. ಇಡೀ ಯುದ್ಧ ಶುರುವಾದದ್ದು ಸೂಜಿಮೊನೆಯಷ್ಟು ನೆಲಕ್ಕಾಗಿ. ಕೊನೆಯಲ್ಲಿ ಆ ನೆಲವೇ ಬೇಡವಾಗಿದೆ, ಹೊಡೆದಾಟ ಮಾತ್ರ ನಿಂತಿಲ್ಲ. ಈ ತಿರುವು ಸಿಕ್ಕಿತೆಂದರೆ ದುರಂತದ ಗಂಟು ಸಿಕ್ಕಿತೆಂದೇ ಲೆಕ್ಕ.

ಹ್ಯಾಮ್ಲೆಟ್ ಓದುವವರು ತಂದೆಯನ್ನು ಕಳಕೊಂಡ ಮೂವರು ಮಕ್ಕಳಿಗೆ ಮೂರು ಪುಟ ಮಾಡಿ: ಹ್ಯಾಮ್ಲೆಟ್, ಲೇರ್ಟಿಸ್, ಫಾರ್ಟಿನ್‌ಬ್ರಾಸ್. ಒಬ್ಬ ಅಳೆದು ಸುರಿದು ಕೊನೆಗೆ ಕೊಲ್ಲುತ್ತಾನೆ, ಒಬ್ಬ ಹಿಂದೆ ಮುಂದೆ ನೋಡದೆ ವಿಷದ ಕತ್ತಿ ಹಿಡಿಯುತ್ತಾನೆ. ಇಬ್ಬರೂ ಸಾಯುತ್ತಾರೆ. ತಂದೆಯ ಸೇಡನ್ನು ಅರ್ಧಕ್ಕೆ ಬಿಟ್ಟ ಫಾರ್ಟಿನ್‌ಬ್ರಾಸ್ ಡೆನ್ಮಾರ್ಕಿನ ಸಿಂಹಾಸನ ಹತ್ತುತ್ತಾನೆ.

ಆದರೆ ನಮ್ಮೂರಿನ ಒಂದು ಕಥೆ ಈ ಪುಸ್ತಕಕ್ಕೆ ಬಗ್ಗುವುದಿಲ್ಲ. ಕಲ್ಕುಡ ಮತ್ತು ಅವನ ತಂಗಿ ಕಲ್ಲುರ್ಟಿಯ ಪಾಡ್ದನ, ಅಂದರೆ ತುಳುವಿನ ಕಥೆಹಾಡು, ಕೇಳಿದವರಿಗೆ ಗೊತ್ತು: ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡನಿಗೆ ಅರಸ ಕೊಟ್ಟ ಉಡುಗೊರೆ ಎಂದರೆ ಒಂದು ಕೈ ಒಂದು ಕಾಲು ಕಡಿಸಿದ್ದು. ಅಂಥ ವಿಗ್ರಹವನ್ನು ಅವನು ಇನ್ನೊಬ್ಬರಿಗೆ ಕಡೆದುಕೊಡಬಾರದೆಂದು. ಅಣ್ಣ ತಂಗಿ ಇಬ್ಬರೂ ಮಾಯಕವಾಗಿ ದೈವಗಳಾಗುತ್ತಾರೆ, ಸೇಡು ತೀರಿಸುತ್ತಾರೆ. ಅಲ್ಲಿಗೆ ಗ್ರೀಕ್ ನಾಟಕವಾದರೆ ಮುಗಿಯಿತು. ನಮ್ಮಲ್ಲಿ ಹಾಗಲ್ಲ. ವರ್ಷ ವರ್ಷ ಕೋಲ ಕೊಡುತ್ತೇವೆ, ದೈವ ಬಂದು ತನ್ನ ಕಥೆ ಹೇಳುತ್ತದೆ, ನಾವು ಕೈಮುಗಿದು ನಿಲ್ಲುತ್ತೇವೆ. ಬಾಕಿ ತೀರುವುದಿಲ್ಲ, ನವೀಕರಣ ಆಗುತ್ತದೆ. ಅನ್ಯಾಯವಾಗಿ ಸತ್ತವರನ್ನು ಊರು ಮರೆತು ಮುಂದೆ ಹೋಗದಂತೆ ಕಟ್ಟಿಹಾಕಿದ ಏರ್ಪಾಡು ಇದು. ದುರಂತ ಎಂಬುದೇ ನಮ್ಮ ಪರಂಪರೆಯಲ್ಲಿ ಇಲ್ಲ ಎನ್ನುವ ವಿದ್ವಾಂಸರು ಒಂದು ಕೋಲಕ್ಕೆ ಬಂದು ಬೆಳಗಿನವರೆಗೆ ಕೂತರೆ ಒಳ್ಳೆಯದಿತ್ತು.

ನಗು ಯಾರದು, ಯಾರ ಮೇಲೆ

ಈಗ ಮೂರನೆಯ ಅಕ್ಷರ. ಇದಕ್ಕೆ ಹೆಚ್ಚು ಹೊತ್ತು ಕೊಡಿ.

ದುರಂತದಲ್ಲಿ ಹಾಸ್ಯ ಇರುವುದು ಪ್ರೇಕ್ಷಕರಿಗೆ ಸ್ವಲ್ಪ ವಿಶ್ರಾಂತಿ ಕೊಡಲು ಎಂದು ಗೈಡ್ ಪುಸ್ತಕಗಳಲ್ಲಿ ಇರುತ್ತದೆ. ಪರೀಕ್ಷೆಗೆ ಅದೇ ಬರೆದರೆ ಅಂಕ ಸಿಗುತ್ತದೆ, ಬರೆಯಿರಿ. ಆದರೆ ನಂಬಬೇಡಿ. ಮ್ಯಾಕ್‌ಬೆತ್‌ನಲ್ಲಿ ರಾಜನ ಕೊಲೆಯಾದ ಬೆನ್ನಿಗೇ ಬಾಗಿಲು ಬಡಿಯುವ ಸದ್ದು, ಕುಡಿದ ದ್ವಾರಪಾಲಕ ತೂರಾಡುತ್ತ ತಾನು ನರಕದ ಬಾಗಿಲು ಕಾಯುವವನೆಂದು ಗೊಣಗುತ್ತ ಬರುತ್ತಾನೆ. ಥಾಮಸ್ ಡಿ ಕ್ವಿನ್ಸಿ ಎಂಬ ಇಂಗ್ಲಿಷ್ ಲೇಖಕ 1823ರಲ್ಲಿ ಆ ಬಾಗಿಲ ಸದ್ದಿನ ಬಗ್ಗೆಯೇ ಒಂದು ಪ್ರಬಂಧ ಬರೆದ. ಕೊಲೆಗಾರರ ಲೋಕ ನಮ್ಮ ಲೋಕದಿಂದ ಕಡಿದುಹೋಗಿತ್ತು, ಬಾಗಿಲು ಬಡಿದಾಗ ಮನುಷ್ಯರ ಲೋಕ ಮತ್ತೆ ಉಸಿರಾಡತೊಡಗಿತು, ಆ ಉಸಿರಿನಿಂದಲೇ ಹಿಂದೆ ನಡೆದದ್ದರ ಭಯಂಕರ ನಮಗೆ ತಟ್ಟುತ್ತದೆ ಎಂಬುದು ಅವನ ವಾದದ ತಿರುಳು. ನನ್ನ ಚಾ ಲೋಟದ ಅನುಭವಕ್ಕೆ ಇದು ಹತ್ತಿರ.

ನೀವೇ ಪರೀಕ್ಷೆ ಮಾಡಬಹುದು. ದ್ವಾರಪಾಲಕನ ಮಾತುಗಳನ್ನು ಕಾಗದದಿಂದ ಮುಚ್ಚಿ, ಕೊಲೆಯ ದೃಶ್ಯದಿಂದ ನೇರ ಹೆಣ ಕಾಣುವಲ್ಲಿಗೆ ಗಟ್ಟಿಯಾಗಿ ಓದಿ. ಮೊದಲು ಕಾಣುವುದು ಒಂದು ಸಾದಾ ತೊಂದರೆ: ಮ್ಯಾಕ್‌ಬೆತ್‌ಗೆ ಕೈ ತೊಳೆದು ಬಟ್ಟೆ ಬದಲಿಸಲು ಸಮಯವೇ ಇಲ್ಲ. ಆಮೇಲೆ ಕಾಣುವುದು ದೊಡ್ಡ ತೊಂದರೆ. ಭಯ ಚಪ್ಪಟೆಯಾಗಿರುತ್ತದೆ. ಹಾಸ್ಯ ತೆಗೆದರೆ ದುರಂತ ಗಟ್ಟಿಯಾಗಬೇಕಿತ್ತಲ್ಲ, ಆಗುವುದಿಲ್ಲ. ಯಾವ ಕೃತಿಗೂ ಈ ಮುಚ್ಚಿ ಓದುವ ಉಪಾಯ ಮಾಡಿ ನೋಡಬಹುದು.

‘ನ’ ಬರೆದಲ್ಲೆಲ್ಲ ಪಕ್ಕದಲ್ಲಿ ನಕ್ಕವರು ಯಾರೆಂದೂ ಬರೆಯಿರಿ. ಓದುಗ ನಗುವುದು ಒಂದು. ಗೆದ್ದವರು ಸೋತವರ ಮೇಲೆ ನಗುವುದು ಬೇರೆ, ಅದಕ್ಕೆ ‘ನ’ ಜೊತೆ ‘ಹಿಂ’ ಕೂಡ ಬೀಳಬೇಕು. ಅಳು ಮುಗಿದವನು ನಗುವುದು ಇನ್ನೂ ಬೇರೆ. ಟೈಟಸ್‌ನ ಮುಂದೆ ಅವನ ಇಬ್ಬರು ಗಂಡುಮಕ್ಕಳ ತಲೆಗಳನ್ನೂ, ಅವರನ್ನು ಉಳಿಸಲೆಂದು ಅವನು ಕಡಿಸಿಕೊಟ್ಟ ಕೈಯನ್ನೂ ತಂದಿಡುತ್ತಾರೆ. ಅವನು ಹಹಹ ಎಂದು ನಗುತ್ತಾನೆ. ಇದು ನಗುವ ಹೊತ್ತೇ ಎಂದು ತಮ್ಮ ಕೇಳಿದರೆ, ಸುರಿಸಲು ಕಣ್ಣೀರು ಉಳಿದಿಲ್ಲ ಎಂಬ ಉತ್ತರ. ನಾಟಕ ಅಲ್ಲಿಂದ ತಿರುಗಿ ಸೇಡಿನ ಕಡೆಗೆ ನಡೆಯುತ್ತದೆ. ಅಂದರೆ ನಗುವೇ ಅಲ್ಲಿ ಬಾಗಿಲು.

ನಗು ನಿಂತುಹೋದ ಜಾಗವನ್ನೂ ಗುರುತಿಸಿ. ಲಿಯರ್ ರಾಜನ ವಿದೂಷಕ ಮೂರನೆಯ ಅಂಕದ ಕೊನೆಯ ಹೊತ್ತಿಗೆ ಮಾಯವಾಗುತ್ತಾನೆ, ಮತ್ತೆ ಬರುವುದಿಲ್ಲ. ಎಲ್ಲಿಗೆ ಹೋದ ಎಂದು ನಾಟಕ ಹೇಳುವುದೂ ಇಲ್ಲ. ಆಮೇಲಿನ ಲಿಯರ್ ತನ್ನನ್ನು ತಾನೇ ಹಂಗಿಸಿಕೊಳ್ಳಬೇಕಾಗುತ್ತದೆ. ಗಿರೀಶ ಕಾರ್ನಾಡರ 1964ರ ‘ತುಘಲಕ್’ ಇದಕ್ಕೆ ತಿರುಗುಮುರುಗು. ಅಲ್ಲಿ ನಮ್ಮನ್ನು ನಗಿಸುವ ಅಗಸ ಅಜೀಜ ಕೊಲೆಗಡುಕ ಕೂಡ. ಕೊನೆಗೆ ಸುಲ್ತಾನ ಅವನನ್ನು ಶಿಕ್ಷಿಸುವುದರ ಬದಲು ಹುದ್ದೆ ಕೊಡುತ್ತಾನೆ. ನಗಿಸುವವನು ಗೆದ್ದು ನಾಯಕ ಕುಸಿದಾಗ ನಮ್ಮ ನಗು ಗಂಟಲಲ್ಲೇ ಉಳಿಯುತ್ತದೆ.

ಯಕ್ಷಗಾನ ನೋಡುವವರಿಗೆ ಒಂದು ಮಾತು. ಗ್ರೀಕ್ ನಾಟಕದಲ್ಲಿ ಸಾವಿನ ಸುದ್ದಿ ತರುವ ದೂತ ಬಹುಪಾಲು ಗಂಭೀರ. ನಮ್ಮ ರಂಗದಲ್ಲಿ ಚಾರಕನ ಪಾತ್ರ ಹಾಸ್ಯಗಾರನಿಗೆ. ವಿಚಿತ್ರ ಅನ್ನಿಸಬಹುದು, ಆದರೆ ಆಂಟಿಗೊನೆಯಲ್ಲಿ ಅರಸ ಕ್ರಿಯೋನ್‌ಗೆ ಸುದ್ದಿ ತರುವ ಕಾವಲುಗಾರನೂ ತನ್ನ ತಲೆ ಉಳಿದರೆ ಸಾಕೆಂದು ಹಿಂದೆ ಮುಂದೆ ಹೆಜ್ಜೆ ಹಾಕುತ್ತ ಬರುವವನೇ. ದೊಡ್ಡವರ ಹಟದಲ್ಲಿ ಜೀವ ಹೋಗುವ ಸಣ್ಣವರು ಇವರು. ಅವರ ಹಾಸ್ಯ ಕೇಳುವಾಗ ಅರಸರ ವೀರ ಸ್ವಲ್ಪ ಸಡಿಲವಾಗಿ ಕಾಣುತ್ತದೆ.

ಎಲ್ಲ ಹಾಸ್ಯಕ್ಕೂ ಈ ಮರ್ಯಾದೆ ಕೊಡಬೇಕಾಗಿಲ್ಲ. ಒಮ್ಮೆ ಕರ್ಣಪರ್ವದ ಆಟದಲ್ಲಿ ಹಾಸ್ಯದವರು ಮೊಬೈಲು, ಸೊಸೆ, ರೇಶನ್ ಅಂಗಡಿ ಎಂದು ಮುಕ್ಕಾಲು ಗಂಟೆ ಎಳೆದರು. ಜನ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಕರ್ಣ ಸತ್ತದ್ದು ಮಾತ್ರ ಆ ರಾತ್ರಿ ಯಾರಿಗೂ ತಟ್ಟಲಿಲ್ಲ. ಭಾಗವತರು ಎಷ್ಟು ಕರುಣೆಯಿಂದ ಪದ ಹೇಳಿದರೂ ಆಚೆ ಕಡೆ ನೆಲಗಡಲೆ ಸಿಪ್ಪೆಯ ಸದ್ದು. ಮುಂದಿನ ಸಾವಿಗೆ ಸಂಬಂಧವಿಲ್ಲದ ನಗುವಿಗೆ ಅಂಚಿನಲ್ಲಿ ಒಂದು ಸೊನ್ನೆ ಹಾಕಿದರೆ ಸಾಕು.

ಒಂದು ವಸ್ತುವಿನ ಬೆನ್ನು ಹತ್ತಿ

ಮೂರು ಅಕ್ಷರಗಳನ್ನು ಒಟ್ಟಿಗೆ ನೋಡಲು ಸುಲಭದ ಉಪಾಯ: ಕೃತಿಯಲ್ಲಿ ಮತ್ತೆ ಮತ್ತೆ ಬರುವ ಒಂದು ವಸ್ತುವನ್ನೋ ಅಂಗವನ್ನೋ ಹಿಡಿದುಕೊಂಡು ಹೋಗಿ. ದುರ್ಯೋಧನನ ಕಥೆಗೆ ತೊಡೆ.

ಸಭೆಯಲ್ಲಿ ಅವನು ಮುಗುಳುನಗುತ್ತ ದ್ರೌಪದಿಗೆ ಎಡತೊಡೆ ತೋರಿಸುತ್ತಾನೆ. ‘ನ’, ‘ಹಿಂ’. ಆ ತೊಡೆ ಮುರಿಯುತ್ತೇನೆಂದು ಭೀಮ ಆಣೆ ಹಾಕುತ್ತಾನೆ. ‘ಸೇ’. ಯುದ್ಧಕ್ಕೆ ಕರೆಯುವುದಕ್ಕೆ ನಮ್ಮ ಭಾಷೆಯಲ್ಲಿ ತೊಡೆ ತಟ್ಟುವುದು ಎಂದೇ ಹೆಸರು. ಕೊನೆಯ ಕಾಳಗದಲ್ಲಿ ಭೀಮ ಸೋಲುವ ಹಾಗೆ ಕಂಡಾಗ ವ್ಯಾಸಭಾರತದ ಅರ್ಜುನ ತನ್ನ ತೊಡೆಯನ್ನೇ ತಟ್ಟಿ ಸನ್ನೆ ಮಾಡುತ್ತಾನೆ. ತಟ್ಟಿದ್ದು ಆಹ್ವಾನಕ್ಕಲ್ಲ, ನಿಯಮ ಮುರಿಯುವುದಕ್ಕೆ. ನಾಭಿಯ ಕೆಳಗೆ ಹೊಡೆಯುವುದು ಗದಾಯುದ್ಧದಲ್ಲಿ ಅಧರ್ಮ, ಬಲರಾಮ ಕಿಡಿಕಿಡಿಯಾದದ್ದು ಅದಕ್ಕೇ. ತೊಡೆ ಮುರಿಯಿತು, ಬಾಕಿ ತೀರಿತು.

ಊರುಭಂಗದ ಕವಿ ಅಲ್ಲಿಗೆ ಪುಸ್ತಕ ಮುಚ್ಚುವುದಿಲ್ಲ. ದುರ್ಯೋಧನನ ಪುಟ್ಟ ಮಗ ದುರ್ಜಯ ಅಪ್ಪನನ್ನು ಹುಡುಕಿಕೊಂಡು ಬರುತ್ತಾನೆ. ದಿನಾ ಮಾಡುವ ಹಾಗೆ ತೊಡೆ ಹತ್ತಿ ಕೂರಲು ಹೋಗುತ್ತಾನೆ. ಅಪ್ಪ ತಡೆಯುತ್ತಾನೆ. ಯಾಕೆ ಬೇಡ ಎಂದು ಮಗುವಿಗೆ ಅರ್ಥವಾಗುವುದಿಲ್ಲ. ಹೆಂಗಸನ್ನು ಹಂಗಿಸಲು ಬೋಳುಮಾಡಿದ ತೊಡೆ ಮಗುವಿನ ಪೀಠವೂ ಆಗಿತ್ತು ಎಂದು ನಮಗೆ ಗೊತ್ತಾಗುವುದು ಆಗಲೇ. ಭೀಮನ ಕಡದ ಪುಸ್ತಕದಲ್ಲಿ ಆ ಪೀಠದ ಲೆಕ್ಕ ಇರಲಿಲ್ಲ. ಪಾಂಡವರನ್ನು ತನ್ನಂತೆಯೇ ಕಂಡು ನಡೆದುಕೋ ಎಂದು ಸಾಯುವವನು ಮಗನಿಗೆ ಹೇಳುತ್ತಾನೆ. ಅವನ ಲೆಕ್ಕ ಮುಗಿಯಿತು. ಪಕ್ಕದಲ್ಲೇ ಅಶ್ವತ್ಥಾಮ ಹೊಸ ಪುಟ ತೆರೆಯುತ್ತಿರುತ್ತಾನೆ.

ಈ ಭಾಗವನ್ನು ಗಟ್ಟಿಯಾಗಿ ಓದಿಸುವುದಾದರೆ ಮಗುವಿನ ಮಾತನ್ನು ಗುಂಪಿನ ಹಿರಿಯರಿಗೆ ಕೊಡಿ. ಎಳೆಯರು ಓದಿದರೆ ದನಿ ತಾನಾಗಿ ಮುದ್ದಾಗುತ್ತದೆ, ಕೇಳುವವರು ಮುದ್ದಿಗೇ ಕರಗಿ ಮಾತನ್ನು ಬಿಡುತ್ತಾರೆ. ನಮ್ಮ ಚಾವಡಿಯಲ್ಲಿ ಅದನ್ನು ಓದಿದ್ದು ಅಂದು ಹುಡುಗನನ್ನು ಗದರಿದ ಅದೇ ಮಾಸ್ತರರು. ಮಗು ತೊಡೆಯೇರಲು ಹೋಗುವಲ್ಲಿ ಅವರ ದನಿ ಒಡೆಯಿತು. ಕನ್ನಡಕ ತೆಗೆದು ಒರೆಸಿಕೊಂಡು, “ಮಳೆಗಾಲದಲ್ಲಿ ಗ್ಲಾಸಿಗೆ ಆವಿ ಹಿಡಿಯುತ್ತದೆ ಮಾರಾಯ್ರೆ” ಎಂದರು. ಹುಡುಗ ನನ್ನ ಮುಖ ನೋಡಿದ. ಈ ಸಲ ನಗಲಿಲ್ಲ. ನಾನು ನಕ್ಕುಬಿಟ್ಟೆ.

ಮುಂದಿನ ಸರದಿಗೆ ಮಂಜೇಶ್ವರದ ಗೋವಿಂದ ಪೈಗಳ ‘ಹೆಬ್ಬೆರಳು’ ಇಟ್ಟುಕೊಂಡಿದ್ದೇವೆ. ಏಕಲವ್ಯನ ನಾಟಕ. ಹಿಂಸೆಯ ಕಾಲಮ್ಮಿಗೆ ಒಂದು ಬೆರಳು ಇದೆ. ಸೇಡಿನ ಕಾಲಮ್ಮಿನಲ್ಲಿ ಏನು ಬರೆಯುವುದು ಎಂದು ಮಾಸ್ತರರೂ ಹುಡುಗನೂ ಈಗಲೇ ಚರ್ಚೆಗೆ ಕೂತಿದ್ದಾರೆ.